ಬಳೆಯ ಕೆಳಗಿನ ತಗ್ಗು

"ನೋಡು ಗಾರ್ಲನ್, ಜಿಂಕೆ ಹೊಡ್ಯೋರು ಹಾಕ್ಕೋತಾರಲ್ಲ, ಅಂಥ ತೋಳುದ್ದದ ದುರ್ಬೀನು ನಂಗೆ ಬೇಡ. ಈ ಸಣ್ಣ ಕೋವಿ ಮೇಲೆ ಅದನ್ನ ಕೂರಿಸಿದ್ರೆ ಕೋಳಿಮರಿ ತಲೆ ಮೇಲೆ ಕುಂಬಳಕಾಯಿ ಇಟ್ಟ ಹಾಗಿರತ್ತೆ. ನಂಗೆ ಬೇಕಾಗಿರೋದು ಮೂವತ್ತು ನಲವತ್ತು ಹೆಜ್ಜೆ ಆಚೆ, ಎಲೆ ಸಂದಿಯಲ್ಲಿ ಕೂತಿರೋ ಅಳಿಲಿನ ಕಿವಿ ಕಾಣೋದು, ಅಷ್ಟೆ. ದೂರದ ಗುಡ್ಡ ತೋರಿಸಿ ಹತ್ರದ ಕೊಂಬೆ ಮಂಜು ಮಾಡೋದು ಬೇಡ. ನಾಲ್ಕು ಪಟ್ಟು ದೊಡ್ಡದಾಗಿ ಕಂಡ್ರೆ ಸಾಕು. ಒಂಬತ್ತು, ಹನ್ನೆರಡು ಅಂತೆಲ್ಲ ನಂಗ್ಯಾಕೆ, ನಾನೇನು ಚಂದ್ರನ್ನ ಹೊಡೀತೀನಾ? ಆಮೇಲೆ, ನಾನು ಬೀಳೋಳು. ಆ ಒದ್ದೆ ಎಲೆ ಮೇಲೆ ವರ್ಷಕ್ಕೊಂದ್ಸಲನಾದ್ರೂ ಜಾರಿ ಬೀಳ್ತೀನಿ, ನಿಂಗೆ ಗೊತ್ತಲ್ಲ. ನಾನು ಬಿದ್ದೆದ್ದು ಲಂಗ ಕೊಡವಿಕೊಳ್ಳೋ ಹೊತ್ತಿಗೂ ಅದು ಎಲ್ಲಿ ನೋಡ್ತಿತ್ತೋ ಅಲ್ಲೇ ನೋಡ್ತಿರ್ಬೇಕು. ಬೆಳಗಿನ ಇಬ್ಬನಿಗೆ ಒಳಗಡೆ ಬೆವರಬಾರ್ದು. ಚಂದ ಬೇಡ, ಗಟ್ಟಿ ಬೇಕು. ಕೋವಿಗಿಂತ ಕೋವಿಯ ಕನ್ನಡಕಕ್ಕೆ ಜಾಸ್ತಿ ಸುರಿಯೋ ಜಾತಿ ನಾನಲ್ಲ, ಎಪ್ಪತ್ತು ಡಾಲರ್ ಒಳಗೆ ಇರ್ಲಿ. ಐವತ್ತು ವರ್ಷ ಕೋವಿ ನಳಿಗೆ ತುದಿಯ ಗುರಿಮಣಿ ನೋಡ್ಕೊಂಡೇ ಹೊಡ್ದೆ. ಈಗ ಮಣಿ ಎರಡಾಗಿ ಕಾಣತ್ತೆ. ಅಳಿಲು ಒಂದು, ಮಣಿ ಎರಡು. ಯಾವ ಮಣೀನ ನಂಬ್ಲಿ? ಅದಕ್ಕೇ ನಿನ್ನನ್ನ ನಂಬ್ತೀನಿ. ನೀನೇ ಆರಿಸಿ ಕೊಡು."

ರೀವಾ ಸ್ಟಿಲ್ಟ್ನರ್ ಇಷ್ಟನ್ನೂ ಹೇಳಿದ್ದು ಆಗಸ್ಟ್ ಕೊನೆಯಲ್ಲಿ, ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗುಡ್ಡಗಳ ನಡುವಿನ ಲಾರೆಲ್ ಕಣಿವೆಯಲ್ಲಿ, ಗಾರ್ಲನ್‌ನ ಅಂಗಡಿಯ ಕಟ್ಟೆಗೆ ಮೊಣಕೈ ಊರಿ ನಿಂತು. ಅಳಿಲು ಬೇಟೆ ಶುರುವಾಗಲು ಹತ್ತು ದಿನ ಉಳಿದಿತ್ತು. ಅವಳಿಗೆ ಅರವತ್ತೆಂಟು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೇಯಿಸಿ ಬಡಿಸಿ, ಗಂಡನನ್ನು ಮಣ್ಣುಮಾಡಿ, ಈಗ ಒಂದು ನಾಯಿ, ಆರು ಕೋಳಿ, ಅಪ್ಪನ ಕೋವಿ, ಇಷ್ಟರ ಜೊತೆ ಇದ್ದವಳು. ಗಾರ್ಲನ್ ಅವಳ ಚಿಕ್ಕಮ್ಮನ ಮಗ. ಚಿಕ್ಕಮ್ಮ ಸತ್ತಾಗ ಅವನಿಗೆ ಎರಡು ವರ್ಷ. ಒಂದೇ ಮನೆಯಲ್ಲಿ ಬೆಳೆದರು. ಅವಳ ಸೊಂಟದ ಮೇಲೆ ಕೂತೇ ಅವನು ಲೋಕ ನೋಡಿದ್ದು. ಈಗ ಕೋಳಿಕಾಳು, ಮೊಳೆ, ಮೀನಿನ ಗಾಳ, ಕೋವಿಯ ಸಾಮಾನು ಎಲ್ಲ ಇಟ್ಟ ಅಂಗಡಿಗೆ ಯಜಮಾನ, ಹೊಟ್ಟೆಯೂ ಯಜಮಾನನದೇ.

ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದ ಮುದುಕ ಹಾರ್ಲಿಸ್ ನಕ್ಕ. "ರೀವಾ ಸ್ಟಿಲ್ಟ್ನರ್ ದುರ್ಬೀನು ಹಾಕ್ಕೋತಾಳಂತೆ! ನಾಳೆ ಅಳಿಲಿಗೆ ಬಲೆ ಬೀಸ್ತಾಳೆ."

"ನಿನ್ನ ಹಲ್ಲು ಕಟ್ಟಿಸಿಕೊಂಡಾಗ ನಾನೇನಾದ್ರೂ ಅಂದ್ನಾ?" ಎಂದಳು ರೀವಾ.

ಗಾಜಿನ ಕಪಾಟಿನಲ್ಲಿ ಮೂರು ದುರ್ಬೀನುಗಳಿದ್ದವು. ಗಾರ್ಲನ್ ಅವುಗಳಿಗೆ ಕೈ ಹಾಕಲಿಲ್ಲ. "ಇವೆಲ್ಲ ಪೇಟೆಯಿಂದ ಬರೋರಿಗೆ ಅಕ್ಕಾ. ನಿಂಗೆ ಅಂತ ಒಂದು ಬೇರೆ ಇಟ್ಟಿದೀನಿ," ಎಂದು ಹಿಂದಿನ ಕೋಣೆಗೆ ಹೋಗಿ ಒಂದು ಡಬ್ಬಿ ತಂದ. ಒಳಗೆ ಕಪ್ಪಗೆ, ಗಿಡ್ಡಗೆ, ಮುಸುಕಿನ ಜೋಳದ ತೆನೆಯಷ್ಟು ಉದ್ದದ ದುರ್ಬೀನು. ಅದನ್ನು ಕೋವಿಗೆ ಬಿಗಿಯುವ ಎರಡು ಉಕ್ಕಿನ ಹಿಡಿಬಳೆ ಆಗಲೇ ತೊಡಿಸಿತ್ತು. "ಬಳೆ ನಾನೇ ಹಾಕಿಟ್ಟೆ, ನೀನು ಬರ್ತೀಯ ಅಂತ ಗೊತ್ತಿತ್ತು. ಇದರ ಮೇಲೆ ಲಾರಿ ಹತ್ತಿಸು, ಕದಲಲ್ಲ."

ಬೇರೆ ಯಾರಿಗೂ ತೋರಿಸದ್ದನ್ನು ತನಗೆಂದು ಎತ್ತಿಟ್ಟಿದ್ದಾನಲ್ಲ ಎಂದು ರೀವಾಳ ಎದೆ ಬೆಚ್ಚಗಾಯಿತು. ಅವನು ಅದನ್ನು ಅಪ್ಪನ ಕೋವಿಯ ಬೆನ್ನಿಗೆ ಕೂರಿಸಿ, ತಿರುಪು ಬಿಗಿಮಾಡಿ, ಹೆಂಡತಿ ಟ್ರೆಸ್ಸಿಯ ಉಗುರುಬಣ್ಣದ ಸೀಸೆ ತಂದು ಒಂದೊಂದು ತಿರುಪಿನ ತಲೆಗೂ ಒಂದೊಂದು ಕೆಂಪು ತೊಟ್ಟು ಇಟ್ಟ.

ಆ ಕೆಂಪು ತೊಟ್ಟಿನ ವಿಷಯ ಲಾರೆಲ್ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತು. ತಿರುಪು ಸಡಿಲಾದರೆ ಬಣ್ಣ ಬಿರಿದು ತೋರಿಸಲಿ ಎಂಬುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು: ಕೂರಿಸಿಕೊಟ್ಟವನ ಕೈಯ ಮೊಹರು ಅದು. ಅದನ್ನು ಬೇರೆಯವರು ಕೆರೆದು ತಿರುಪು ಬಿಚ್ಚಿದರೆ, ನಿನ್ನ ಕೈಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅಂಗಡಿಯವನ ವಿಷಯದಲ್ಲೇ ಹಾಗೆ ಮಾಡುವವರು ಕಡಿಮೆ. ಒಡಹುಟ್ಟಿದವನಂಥವನ ವಿಷಯದಲ್ಲಿ ಕೇಳುವುದೇ ಬೇಡ.

ಬೇಟೆಯ ಮೊದಲ ದಿನ ಬೆಳಗಿನ ಬೆಳಕಿಗೆ ರೀವಾ ಸೂಕಿಯ ಜೊತೆ ಗುಡ್ಡ ಹತ್ತಿದಳು. ಸೂಕಿ ಬಿಳಿ ಮೈಮೇಲೆ ಕಂದು ಮಚ್ಚೆಯ ಪುಟ್ಟ ಹೆಣ್ಣುನಾಯಿ, ಅಳಿಲು ಹುಡುಕಲೆಂದೇ ಹುಟ್ಟಿದ್ದು. ಅಳಿಲಿರುವ ಮರ ಯಾವುದೆಂದು ಅದು ಎಂದೂ ತಪ್ಪು ಹೇಳಿದ್ದಿಲ್ಲ. ಹಿಕರಿ ಮರದ ಬುಡಕ್ಕೆ ಮುಂಗಾಲು ಕೊಟ್ಟು ಮೇಲೆ ನೋಡಿ ಎರಡು ಸಲ ಬೊಗಳಿತು. ರೀವಾ ದುರ್ಬೀನಿನಲ್ಲಿ ನೋಡಿದಳು. ಆಹಾ! ಕಾಯಿ ಕೊರೆಯುತ್ತಿದ್ದ ಅಳಿಲಿನ ಮೀಸೆ ಕೂಡ ಎಣಿಸುವಂತಿತ್ತು. ಗಾಜಿನೊಳಗಿನ ಅಡ್ಡಗೆರೆ ಉದ್ದಗೆರೆ ಕೂಡುವಲ್ಲಿ ಅದರ ಕಿವಿಯ ಬುಡ ಇಟ್ಟು ಉಸಿರು ಬಿಟ್ಟು ಟ್ರಿಗರ್ ಒತ್ತಿದಳು. ಅಳಿಲಿನ ಎಡಕ್ಕೆ ಒಂದು ಗೇಣು ಆಚೆ ತೊಗಟೆ ಹಾರಿತು. ಸೂಕಿ ತಿರುಗಿ ಅವಳ ಮುಖ ನೋಡಿತು. ನಾಯಿಗೂ ಅದು ಹೊಸದು.

ಎರಡನೆಯ ಗುಂಡು ನೇರ ಬಿತ್ತು. ಮೂರನೆಯದು ಬಲಕ್ಕೆ ಹೋಯಿತು. ಮರುದಿನ ಎರಡು ಸರಿ, ಎರಡು ತಪ್ಪು. ಯಾವಾಗಲೂ ಒಂದೇ ಕಡೆಗೆ ತಪ್ಪಿದ್ದರೆ ಅವಳು ದುರ್ಬೀನಿನ ಗುಂಡಿ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದಳು. ಇದು ಕುಡುಕನ ನಡಿಗೆಯಂತೆ, ಒಮ್ಮೆ ಈ ಬೇಲಿಗೆ, ಒಮ್ಮೆ ಆ ಬೇಲಿಗೆ.

ಅವಳ ಅಪ್ಪ ಕಲಿಸಿದ್ದು ಒಂದೇ ಪಾಠ: ತಲೆಗೆ ಬಿದ್ದದ್ದು ಅಡುಗೆಮನೆಗೆ, ಹೊಟ್ಟೆಗೆ ಬಿದ್ದದ್ದು ನಾಚಿಕೆಗೆ. ಐವತ್ತು ವರ್ಷದಲ್ಲಿ ಅವಳು ನರಳಿಸಿ ಕೊಂದದ್ದು ಬೆರಳೆಣಿಕೆಯಷ್ಟು. ಅಕ್ಟೋಬರ್ ಮೊದಲ ವಾರ ಒಂದು ಬೂದು ಅಳಿಲಿಗೆ ಸೊಂಟಕ್ಕೆ ತಗುಲಿತು. ಅದು ಹಿಂಗಾಲು ಎಳೆದುಕೊಂಡು ಕೊಂಬೆ ದಾಟಿ ಪೊಟರೆಯೊಳಗೆ ಸೇರಿತು. ಒಳಗೆ ಉಗುರು ಪರಚುವ ಸದ್ದು. ರೀವಾ ಮರದ ಬುಡದಲ್ಲಿ ಕೂತೇ ಇದ್ದಳು. ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. ಕೋವಿ ತೆಗೆದುಕೊಂಡು ಅಂಗಡಿಗೆ ಹೋದಳು.

"ಗಾರ್ಲನ್, ಇದು ಎಲ್ಲೆಲ್ಲೋ ಹೊಡೆಯತ್ತೆ ಕಣೋ."

"ಆಗಕ್ಕೇ ಸಾಧ್ಯ ಇಲ್ಲ. ತಾ ಇಲ್ಲಿ, ನೀನು ಕೂತ್ಕೋ, ಕಾಫಿ ಕುಡಿ."

ಅವನು ಕೋವಿ ಹಿಡಿದು ಅಂಗಡಿಯ ಹಿಂದೆ ಹೋದ. ಮೂರು ಏಟು ಕೇಳಿಸಿತು. ತಿರುಗಿ ಬಂದವನ ಅಂಗೈಯಲ್ಲಿ ಜಾಡಿಯ ತಗಡಿನ ಮುಚ್ಚಳ, ಅದರ ನಡುವೆ ಒಂದನ್ನೊಂದು ಮುಟ್ಟಿಕೊಂಡ ಮೂರು ತೂತು.

"ನೋಡು. ಐವತ್ತು ಹೆಜ್ಜೆಯಿಂದ." ಆಮೇಲೆ ದನಿ ತಗ್ಗಿಸಿ, ಅವಳ ಭುಜದ ಮೇಲೆ ಕೈಯಿಟ್ಟ. "ಅಕ್ಕಾ, ಬೇಜಾರ್ ಮಾಡ್ಕೋಬೇಡ. ಕೋವಿ ಸರಿಯಿದೆ. ದೊಡ್ಡಮ್ಮಂಗೂ ಹೀಗೇ ಆಯ್ತಲ್ಲ ಕೊನೇಗೆ? ಕಣ್ಣು."

ದೊಡ್ಡಮ್ಮ ಎಂದರೆ ರೀವಾಳ ತಾಯಿ. ಎಪ್ಪತ್ತಕ್ಕೆ ಪೂರ್ತಿ ಕುರುಡಿಯಾಗಿ, ಹನ್ನೊಂದು ವರ್ಷ ಗೋಡೆ ಸವರಿಕೊಂಡು ಬದುಕಿದವಳು. ಆ ಹನ್ನೊಂದು ವರ್ಷ ಅವಳ ಕೈ ಹಿಡಿದು ನಡೆಸಿದ್ದು ರೀವಾ. ಅದು ಗಾರ್ಲನ್‌ಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಕೋವಿ ಬಾಗಿಲ ಮೇಲಿನ ಗೂಟಕ್ಕೆ ಹೋಯಿತು. ರೀವಾ ಕಣ್ಣು ಮುಚ್ಚಿಕೊಂಡು ಬದುಕುವುದನ್ನು ಕಲಿಯತೊಡಗಿದಳು. ಒಲೆಯಿಂದ ಬಾಗಿಲಿಗೆ ಏಳು ಹೆಜ್ಜೆ. ಬಾಗಿಲಿಂದ ಕೋಳಿಗೂಡಿಗೆ ಮೂವತ್ತೊಂದು, ನಡುವೆ ಒಂದು ಕಲ್ಲು. ಉಪ್ಪಿನ ಡಬ್ಬಿಗೆ ರಬ್ಬರ್ ಪಟ್ಟಿ ಸುತ್ತಿದಳು, ಸಕ್ಕರೆಯದಕ್ಕೆ ಸುತ್ತಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗುತ್ತದೆ ಎಂಬ ಹೆದರಿಕೆ.

ನವೆಂಬರಿನಲ್ಲಿ ಗಾರ್ಲನ್ ಮನೆಗೆ ಬಂದ. ಸೂಕಿ ಸರಪಳಿಯ ತುದಿಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿತ್ತು. "ಕಟ್ಟಿ ಹಾಕಿದ್ರೆ ಇಂಥ ನಾಯಿ ಕೆಟ್ಟು ಹೋಗತ್ತೆ ಅಕ್ಕಾ. ಅದರ ಕಣ್ಣು ನೋಡು," ಎಂದ. ಮರಿಯಾಗಿದ್ದಾಗಲೇ ಅವನು ಅದನ್ನು ಎರಡು ಸಲ ಕೇಳಿದ್ದ. ಆಗ ಅವಳು ಗದರಿ ಕಳಿಸಿದ್ದಳು. ಈ ಸಲ ಅವಳು ನಾಯಿಯ ಕಣ್ಣು ನೋಡಿದಳು. ಕೊರಳಪಟ್ಟಿ ಬಿಚ್ಚದೆ, ಅದರ ಸಮೇತ ಸರಪಳಿಯನ್ನು ಅವನ ಕೈಗಿಟ್ಟು, "ಇನ್ನು ನಿಂದು," ಎಂದಳು.

ಕೊರಳಪಟ್ಟಿ ಸಮೇತ ಕೊಟ್ಟ ನಾಯಿಯನ್ನು ಆ ಕಡೆ ಯಾರೂ ತಿರುಗಿ ಕೇಳುವುದಿಲ್ಲ. ಪಟ್ಟಿ ಬಿಚ್ಚಿಕೊಂಡು ಕೊಟ್ಟರೆ ಎರವಲು. ಪಟ್ಟಿ ಸಮೇತ ಕೊಟ್ಟರೆ ಮುಗಿಯಿತು.

ಜನವರಿಯಲ್ಲಿ ಒಂದು ಬೆಳಿಗ್ಗೆ, ಎಷ್ಟು ಕಾಲ ಉಳಿದಿದೆಯೋ ಕೇಳಿಬಿಡೋಣ ಎಂದು, ಪೇಟೆಯ ಕಣ್ಣಿನ ಡಾಕ್ಟರ ಬಳಿ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೀಪ ಬಿಟ್ಟು ನೋಡಿದಳು, ಅಕ್ಷರ ಓದಿಸಿದಳು, ಎಲ್ಲಕ್ಕಿಂತ ಕೆಳಗಿನ ಸಾಲನ್ನೂ ಓದಿಸಿದಳು.

"ಹತ್ತಿರದ್ದು ಎರಡಾಗಿ ಕಾಣೋದು ವಯಸ್ಸಮ್ಮ, ಅದಕ್ಕೆ ಕನ್ನಡಕ ಇದೆ. ಎಡಗಣ್ಣಲ್ಲಿ ಪೊರೆ ಈಗ ತಾನೇ ಶುರು, ಇನ್ನು ಹತ್ತು ವರ್ಷ ಬಿಟ್ಟು ಬನ್ನಿ. ಬಲಗಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ಯಾರು ಹೇಳಿದ್ರು ನಿಮಗೆ ಕಣ್ಣು ಹೋಗ್ತಿದೆ ಅಂತ?"

ರೀವಾ ಹೆಸರು ಹೇಳಲಿಲ್ಲ. ಅವಳು ಕೋವಿಗೆ ಒಡ್ಡುವುದು ಬಲಗಣ್ಣು.

ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕೋವಿ ಇಳಿಸಿದಳು. ಮೇಜಿನ ಮೇಲೆ ಹಿಟ್ಟಿನ ಚೀಲ ಹಾಸಿ ಮಲಗಿಸಿ, ಗುಂಡಿಲ್ಲವೆಂದು ಎರಡು ಸಲ ನೋಡಿಕೊಂಡಳು. ಆಮೇಲೂ ಎಷ್ಟೋ ಹೊತ್ತು ಆ ಕೆಂಪು ತೊಟ್ಟುಗಳನ್ನೇ ನೋಡುತ್ತ ಕೂತಳು. ಒಂದೂ ಬಿರಿದಿರಲಿಲ್ಲ. ಕೊನೆಗೆ ಚಾಕುವಿನ ಮೊನೆಯಿಂದ ಮೊದಲನೆಯದನ್ನು ಕೆರೆದಾಗ, ಯಾರದೋ ಪೆಟ್ಟಿಗೆಗೆ ಕೈ ಹಾಕುತ್ತಿರುವವಳಂತೆ ಅವಳ ಕಿವಿ ಬಿಸಿಯಾಯಿತು.

ಮುಂಭಾಗದ ಬಳೆ ಬಿಚ್ಚಿದಳು. ಕೆಳಗೆ ದುರ್ಬೀನಿನ ಮೈಯಲ್ಲಿ ಒಂದು ತಗ್ಗು. ಹೆಬ್ಬೆಟ್ಟು ಕೂರುವಷ್ಟು. ತಗ್ಗಿನೊಳಗೆ, ಬಳೆ ಕುಣಿಯದಿರಲೆಂದು, ಕಿತ್ತಳೆ ಸೋಡಾ ಡಬ್ಬಿಯಿಂದ ಕತ್ತರಿಸಿದ ತಗಡಿನ ಚೂರನ್ನು ಮಡಿಸಿ ಇಟ್ಟಿತ್ತು. ಗಾರ್ಲನ್ ದಿನಕ್ಕೆ ನಾಲ್ಕು ಕುಡಿಯುತ್ತಿದ್ದ ಸೋಡಾ. ಹಿಂದಿನ ಬಳೆಯ ಕೆಳಗೆ ಹಳೆಯ ಬಳೆಯೊಂದು ಕಚ್ಚಿದ್ದ ಗೀರುಗಳು. ದುರ್ಬೀನನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ಟಿಕ್ ಎಂದಿತು. ಹಾಲುಹಲ್ಲು ಅಲ್ಲಾಡಿದ ಹಾಗೆ.

ಹೊಸ ಡಬ್ಬಿಯಲ್ಲಿಟ್ಟು ಕೊಟ್ಟ ಹಳೆಯ ಮಾಲು. ಎಲ್ಲೋ ಬಿದ್ದು, ಹೊಟ್ಟೆ ಸಡಿಲಾಗಿ, ಏಟಿಗೊಂದು ಸಲ ಗೆರೆ ಸರಿಯುವಂಥದ್ದು. ಬಳೆಯನ್ನು ಅವನು ಮೊದಲೇ ತೊಡಿಸಿಟ್ಟದ್ದು ಅವಳಿಗೆ ತೊಂದರೆಯಾಗದಿರಲಿ ಎಂದಲ್ಲ.

ಮರುದಿನ ಅಂಗಡಿಯಲ್ಲಿ ಗಾರ್ಲನ್ ಮೊಳೆ ತೂಗುತ್ತಿದ್ದ. ಟ್ರೆಸ್ಸಿ ಬೀಜದ ಪೊಟ್ಟಣ ಜೋಡಿಸುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿಯೇ ರೀವಾ ಬಂದದ್ದು. ದುರ್ಬೀನು, ಎರಡು ಬಳೆ, ಸೋಡಾ ತಗಡು, ಇಷ್ಟನ್ನೂ ಕಟ್ಟೆಯ ಮೇಲೆ ಇಟ್ಟಳು.

ಗಾರ್ಲನ್ ಮೊದಲು ನೋಡಿದ್ದು ಕೆರೆದ ಬಣ್ಣವನ್ನು. "ಬಿಚ್ಚಿದ್ಯಾ? ನಂಗೆ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ಅಕ್ಕಾ?"

"ಈಗ ಕೇಳ್ತಿದೀನಿ. ಇದೇನು?"

"ನಂಗೇನು ಗೊತ್ತು? ಕಂಪನಿಯವರು ಕಳಿಸಿದ್ದು. ಡಬ್ಬಿಯಲ್ಲಿ ಏನಿತ್ತೋ ಅದು."

"ಕಂಪನಿಯೋರು ನಿನ್ನ ಸೋಡಾ ಕುಡೀತಾರಾ?"

ಟ್ರೆಸ್ಸಿ ಪೊಟ್ಟಣ ಕೆಳಗಿಟ್ಟಳು. "ಗಾರ್ಲನ್, ಸಾಕು ಮಾಡು. ರೀವಾ, ಅದು ಇವರದ್ದೇ. ಹೋದ ವರ್ಷ ಟ್ರಕ್ ಹಿಂದಿಂದ ರಸ್ತೆಗೆ ಬಿತ್ತು. ಎಸೀರಿ ಅಂದೆ."

"ನೀನು ಸುಮ್ನಿರು."

"ಸುಮ್ನಿದ್ದು ಸಾಕಾಗಿದೆ. ಅವತ್ತು ಹಿಂದೆ ಹೋಗಿ ಮುಚ್ಚಳಕ್ಕೆ ಹೊಡೆದ್ರಲ್ಲ, ಐವತ್ತು ಹೆಜ್ಜೆಯಂತೆ! ಉಗುಳಿದ್ರೆ ತಾಗೋಷ್ಟು ಹತ್ರ ನಿಂತಿದ್ರಿ. ಕಿಟಕಿಯಿಂದ ನಾನು ನೋಡ್ದೆ."

ಗಾರ್ಲನ್ ಮುಖ ಕೆಂಪಾಯಿತು. ಆಮೇಲೆ ಸೋತವರು ಮಾಡುವಂತೆ ಜೋರು ಮಾಡಿದ. "ಸರಿ, ಆಯ್ತು! ಒಂದು ದುರ್ಬೀನಿಗೆ ಇಷ್ಟೆಲ್ಲ ಯಾಕೆ? ದುಡ್ಡು ವಾಪಸ್ ತಗೋ. ಅರವತ್ತೆಂಟು ವರ್ಷಕ್ಕೆ ಯಾವ ಗುಡ್ಡ ಹತ್ತಬೇಕಿತ್ತು ನಿಂಗೆ? ವರ್ಷಕ್ಕೊಂದ್ಸಲ ಬೀಳ್ತೀನಿ ಅಂತ ನೀನೇ ಹೇಳ್ತೀಯ. ಒಂದಿನ ಸೊಂಟ ಮುರ್ಕೊಂಡು ಕಾಡಲ್ಲೇ ಬಿದ್ದಿದ್ರೆ ಹುಡುಕಕ್ಕೆ ಬರೋನು ನಾನೇ ತಾನೆ? ಮನೇಲಿರ್ಲಿ ಅಂದ್ಕೊಂಡೆ. ನಿನ್ನ ಒಳ್ಳೇದಕ್ಕೇ."

"ನಾಯಿ ತಗೊಂಡಿದ್ದೂ ನನ್ನ ಒಳ್ಳೇದಕ್ಕಾ?"

ಅವನು ತಕ್ಕಡಿಗೆ ಇನ್ನೊಂದು ಹಿಡಿ ಮೊಳೆ ಸುರಿದ.

"ಒಂದೇ ಒಂದು ಹೇಳು," ಎಂದಳು ರೀವಾ. ಅವಳ ದನಿ ಏರಿರಲಿಲ್ಲ. "ದುಡ್ಡು ಬಿಡು. ನನ್ನ ಭುಜದ ಮೇಲೆ ಕೈಯಿಟ್ಟು ಅಮ್ಮನ ಹೆಸರು ತೆಗೆದ್ಯಲ್ಲ, ಆಗ ನಿಂಗೆ ಗೊತ್ತಿತ್ತಲ್ವಾ, ನನ್ನ ಕಣ್ಣು ಸರಿಯಿದೆ ಅಂತ?"

ತಕ್ಕಡಿಯ ತಟ್ಟೆ ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು. ಗಾರ್ಲನ್ ಅದನ್ನು ಬೆರಳಿಂದ ಹಿಡಿದು ನಿಲ್ಲಿಸಿದ.

"ಕಣ್ಣು ಮುಚ್ಕೊಂಡು ಕೋಳಿಗೂಡಿಗೆ ನಡೆಯೋದು ಕಲಿತೆ ಕಣೋ ನಾನು," ಎಂದಳು. "ಮೂರು ತಿಂಗಳು."

ಟ್ರೆಸ್ಸಿ ಹಿಂಬಾಗಿಲಿನಿಂದ ಹೋಗಿ ಸೂಕಿಯನ್ನು ಬಿಚ್ಚಿ ಕರೆತಂದಳು. ನಾಯಿ ರೀವಾಳ ವಾಸನೆ ಹಿಡಿದು ಕುಯ್‌ಗುಟ್ಟಿತು, ಅವಳ ಮೊಣಕಾಲಿಗೆ ಮುಂಗಾಲು ಕೊಟ್ಟು ನಿಂತಿತು. "ಕರ್ಕೊಂಡು ಹೋಗಮ್ಮ. ಯಾರೂ ಏನೂ ಅನ್ನಲ್ಲ," ಎಂದಳು ಟ್ರೆಸ್ಸಿ.

ರೀವಾಳ ಕೈ ತಾನಾಗಿಯೇ ನಾಯಿಯ ತಲೆಯ ಮೇಲೆ ಹೋಯಿತು. ಕಿವಿಯ ಹಿಂದೆ ಒಂದು ಸಲ ಕೆರೆದಳು. ಗಾರ್ಲನ್ ಬೇಡವೆನ್ನಲಿಲ್ಲ, ತಗೋ ಎಂದೂ ಅನ್ನಲಿಲ್ಲ. ಅವಳು ಮಾತು ಮುರಿಯುತ್ತಾಳೋ ಎಂದು ನೋಡುತ್ತಿದ್ದ. ಮುರಿದಿದ್ದರೆ ಇಬ್ಬರೂ ಸರಿಸಮ ಆಗುತ್ತಿದ್ದರು.

"ಪಟ್ಟಿ ಸಮೇತ ಕೊಟ್ಟೆ ಟ್ರೆಸ್ಸಿ. ನನ್ನ ಮಾತು ಇವನ ಡಬ್ಬಿ ಥರ ಅಲ್ಲ. ಮೇಲೆ ಏನು ಬರೆದಿದ್ಯೋ ಒಳಗೂ ಅದೇ ಇರತ್ತೆ." ನಾಯಿಯ ಕಾಲುಗಳನ್ನು ಮೆಲ್ಲಗೆ ಕೆಳಗಿಳಿಸಿದಳು. "ಕಾಲಿನ ಬೆರಳ ಸಂದೀಲಿ ಮುಳ್ಳು ಸೇರ್ಕೊಳ್ಳತ್ತೆ ಅದಕ್ಕೆ. ಸಂಜೆ ನೋಡ್ತಿರು."

ಹೊರಗೆ ಬಂದು ಗಾಡಿ ಹತ್ತಿ, ಕಣಿವೆಯ ತಿರುವು ದಾಟಿ ನಿಲ್ಲಿಸಿ, ಅಲ್ಲಿ ಅತ್ತಳು. ನಾಯಿಗಾಗಿ ಅತ್ತಳೋ ಅವನಿಗಾಗಿ ಅತ್ತಳೋ, ಎರಡೂ ಒಂದರಲ್ಲೊಂದು ಸಿಕ್ಕಿಕೊಂಡಿದ್ದವು.

ಮುಂದಿನ ವಾರ ಎರಡು ಕಣಿವೆ ಆಚೆಯ ಪೇಟೆಗೆ, ಮುಖಪರಿಚಯವೂ ಇಲ್ಲದ ಅಂಗಡಿಗೆ ಹೋದಳು. ಅಂಗಡಿಯವನು ಎಂಟು ದುರ್ಬೀನು ಮುಂದಿಟ್ಟ. ರೀವಾ ಪ್ರತಿಯೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಮೈಯೆಲ್ಲ ಬೆರಳಾಡಿಸಿದಳು. ಬಾಗಿಲ ಹೊರಗೆ ನಿಂತು ನಲವತ್ತು ಹೆಜ್ಜೆ ಆಚೆಯ ದೀಪದ ಕಂಬದ ಮೊಳೆ ನೋಡಿದಳು. ತಲೆಯನ್ನು ಒಂದಿಷ್ಟು ಆಚೆ ಈಚೆ ಸರಿಸಿ, ಗೆರೆ ಮೊಳೆಯಿಂದ ಜಾರುತ್ತದೆಯೇ ಎಂದು ಪರೀಕ್ಷಿಸಿದಳು. ಜಿಂಕೆಯ ಕೋವಿಗೆ ಮಾಡಿದವು ಜಾರಿದವು. ಒಂದು ಜಾರಲಿಲ್ಲ.

"ಏನಮ್ಮಾ, ಕಲ್ಲಂಗಡಿ ಕೊಳ್ತಿದೀರಾ?" ಎಂದ ಅಂಗಡಿಯವನು.

"ಕಲ್ಲಂಗಡಿ ಆಗಿದ್ರೆ ಇಷ್ಟು ನೋಡ್ತಿರಲಿಲ್ಲ. ಕೊಯ್ದ ಕೂಡ್ಲೇ ಗೊತ್ತಾಗತ್ತೆ ಅದು."

"ಕೂರಿಸಿ ಕೊಡ್ಲಾ?"

"ಬೇಡ. ನನ್ನ ಕೈ ಇದೆ."

ಮನೆಯಲ್ಲಿ ತಾನೇ ಕೂರಿಸಿದಳು. ಬೇಲಿಯ ಮೇಲೆ ಹಿಟ್ಟಿನ ಚೀಲವಿಟ್ಟು, ಹಲಗೆಗೆ ಬಿಸ್ಕತ್ತಿನಷ್ಟು ಕಾಗದ ಅಂಟಿಸಿ ಐದು ಹೊಡೆದಳು. ಚಮಚೆಯ ಹಿಡಿಯಿಂದ ದುರ್ಬೀನಿನ ಮೈಗೆ ಟಪಟಪ ತಟ್ಟಿ ಮತ್ತೆ ಐದು. ಹತ್ತೂ ಒಂದು ನಾಣ್ಯದಡಿ ಮುಚ್ಚುವಂತಿದ್ದವು. ಕಾಗದ ಕಿತ್ತು ತಂದು, ಯಾರಿಗೆ ತೋರಿಸಲಿ ಎಂದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಮೊದಲಾದರೆ ತೋರಿಸಲು ಒಬ್ಬನಿದ್ದ.

ಫೆಬ್ರವರಿ ಮುಗಿಯುವ ಮೊದಲು, ಬೇಟೆಯ ಕೊನೆಯ ವಾರದಲ್ಲಿ, ಒಬ್ಬಳೇ ಗುಡ್ಡ ಹತ್ತಿದಳು. ನಾಯಿಯಿಲ್ಲದೆ ಅಳಿಲು ಹುಡುಕುವುದು ಬೇರೆಯೇ ಕೆಲಸ. ಮರದ ಬುಡದಲ್ಲಿ ಮರದಂತೆಯೇ ಕೂತಿರಬೇಕು. ಎರಡು ಗಂಟೆ ಕೂತಳು. ಬೆರಳು ಮರಗಟ್ಟಿದವು. ಎಲೆಯಿಲ್ಲದ ಓಕ್ ಮರದ ಕವಲಿನಲ್ಲಿ ಬಾಲವೊಂದು ಅಲುಗಿತು, ಆಮೇಲೆ ಕಿವಿ. ಉಸಿರು ಬಿಟ್ಟು ಒತ್ತಿದಳು. ಅದು ಕಲ್ಲಿನಂತೆ ನೇರ ಕೆಳಗೆ ಬಿತ್ತು. ಎತ್ತಿ ನೋಡಿದರೆ ಕಿವಿಯ ಬುಡದಲ್ಲಿ ಒಂದು ತೂತು. ಅಪ್ಪ ನೋಡಿದ್ದರೆ ಮಾತಾಡದೆ ತಲೆಯಾಡಿಸುತ್ತಿದ್ದಂಥದ್ದು.

ಬೆನ್ನ ಹಿಂದೆ ಒಣ ಎಲೆ ಸರಸರ ಎಂದಾಗ, ತಿರುಗಿ "ಬಾ ಸೂಕಿ" ಎಂದುಬಿಟ್ಟಳು. ಗಾಳಿ ಅಷ್ಟೆ.

ಮತ್ತೊಂದಕ್ಕೆ ಕಾಯಲಿಲ್ಲ. ಮನೆಗೆ ಬಂದು ಚರ್ಮ ಸುಲಿದು, ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಹಾಕಿದಳು. ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಗಾರ್ಲನ್‌ನ ಅಂಗಡಿಯ ನಂಬರು. ಹೊಡೆದುಕೊಳ್ಳುವುದು ನಿಲ್ಲುವವರೆಗೂ ಕೈ ತೊಳೆಯುತ್ತಿದ್ದಳು. ಆಮೇಲೆ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ತಟ್ಟೆಯಿಟ್ಟು, ನಾಳಿನ ಅಡುಗೆಗೆ ಹುರುಳಿಕಾಯಿ ಬೀಜ ಸುರುವಿಕೊಂಡಳು. ಹೊಸ ಕನ್ನಡಕ ಮೂಗಿಗೇರಿಸಿ ಬೆರಳಿಂದ ಸರಿಸುತ್ತ, ಕಲ್ಲು, ಮಣ್ಣುಹೆಂಟೆ, ಮುರುಟಿದ ಕಾಳು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕಿದಳು. ಉಳಿದದ್ದನ್ನು ಮೂರು ನೀರಿನಲ್ಲಿ ತೊಳೆದು, ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು ಹುಯ್ದು ಮುಚ್ಚಳ ಮುಚ್ಚಿದಳು.